ಖಂಡಸ್ಫುಟಿತ ಜೀರ್ಣೋದ್ಧಾರ: ಮಾಳಿಗೆಯ ರಕ್ಷಣೆಯ ಪ್ರಾಚೀನ ಪರಂಪರೆ

ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಹಳತಾಗಿ ಶಿಥಿಲವಾದುದು. ಇವನ್ನು ಸರಿಪಡಿಸುವುದಕ್ಕೆಂದು ನಮ್ಮ ಪೂರ್ವಿಕರು ಪೂಜೆ, ಆಹಾರದಾನಗಳ ಜೊತೆಯಲ್ಲಿಯೇ ಭೂಮಿಯನ್ನು ಬಿಟ್ಟರು. ಜಿನಾಲಯವನ್ನು ಕಟ್ಟಿಸುವುದು ಎಷ್ಟು ಪುಣ್ಯವೋ ಅದನ್ನು ಉಳಿಸುವುದೂ ಅಷ್ಟೇ ಪುಣ್ಯವೆಂಬ ತಿಳಿವಳಿಕೆ ಇದರ ಹಿಂದಿದೆ.

ಮಾಳಿಗೆಯ ಆರೈಕೆ ಏನೆಂಬುದು ಗುಳೇದಗುಡ್ಡದ ಜನರಿಗೆ ಹೊಸತಲ್ಲ. ಈ ಸೀಮೆಯ ಹಳೆಯ ಮನೆಗಳಲ್ಲಿ ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ದಪ್ಪವಾಗಿ ಮಣ್ಣು. ಮಳೆಗಾಲಕ್ಕೆ ಮುನ್ನ ಸವಳು ಮಣ್ಣನ್ನು ತಂದು ಹರವಿ, ಬಡಿದು ಗಟ್ಟಿ ಮಾಡುವರು. ನೀರು ತಗುಲಿದಾಗ ಈ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುವುದರಿಂದ ನೀರು ಕೆಳಗಿಳಿಯದು. ಇರುವೆ, ಇಲಿಗಳು ಕೊರೆದ ತೂತನ್ನು ಹುಡುಕಿ ಮುಚ್ಚುವುದು, ಹುಲ್ಲಿನ ಬೇರನ್ನು ಕೀಳುವುದು, ನೀರು ಹೊರಬೀಳುವ ದೋಣಿಯ ಬಾಯಿಯಲ್ಲಿ ಕಟ್ಟಿಕೊಂಡ ಕಸವನ್ನು ತೆಗೆಯುವುದು, ಇವು ವರ್ಷವರ್ಷದ ಕೆಲಸಗಳು. ಖಣ ನೇಯುವ ಈ ಊರಿನಲ್ಲಿ ಮಾಳಿಗೆ ಸೋರಿದರೆ ಮಗ್ಗದ ಹಾಸು ನೆನೆದು ದುಡಿಮೆಯೇ ನಿಲ್ಲುತ್ತದೆ.

ಇದೇ ಚಿಂತೆ ಚಾಲುಕ್ಯರ ಶಿಲ್ಪಿಗಳಿಗೂ ಇತ್ತು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಬಾಹುಬಲಿ, ಪಾರ್ಶ್ವನಾಥರ ಮೂರ್ತಿಗಳಿಗೆ ಬೆಟ್ಟವೇ ಸೂರು. ಆದರೆ ಬಯಲಿನಲ್ಲಿ ಕಲ್ಲಿನ ಗುಡಿ ಕಟ್ಟುವಾಗ ಚಪ್ಪಡಿಗಳ ಸಂದುಗಳಲ್ಲಿ ನೀರು ಇಳಿಯುವ ಭಯವುಂಟು. ಐಹೊಳೆಯ ಲಾಡಖಾನ್ ಗುಡಿಯಲ್ಲಿ ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿ, ಸಂದುಗಳ ಮೇಲೆ ಮರದ ದಿಮ್ಮಿಯನ್ನು ಹೋಲುವ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ಮನೆಯ ಮಾಳಿಗೆಯ ಅನುಭವವೇ ಅಲ್ಲಿ ಕಲ್ಲಾಗಿ ನಿಂತಿದೆ.

ಐಹೊಳೆಯ ಬೆಟ್ಟದ ಮೇಲಿನ ಮೇಗುತಿ ಬಸದಿಯನ್ನು ರವಿಕೀರ್ತಿ ಕಟ್ಟಿಸಿದ್ದು ಶಕ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ. ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಹಾಡಿದ ಆ ಶಾಸನದ ಕೊನೆಯಲ್ಲಿ ಬಸದಿಗೆ ಸೇರಿದ ಗ್ರಾಮಗಳ ಹೆಸರುಗಳಿವೆ. ಕವಿಯ ಕೀರ್ತಿಯೊಂದಿಗೆ ಬಸದಿಯ ಜೀವನೋಪಾಯವೂ ಅದೇ ಕಲ್ಲಿನಲ್ಲಿ ದಾಖಲಾಗಿದೆ.

ಸರಿಯಾಗಿ ನೂರು ವರ್ಷಗಳ ಅನಂತರ, ಶಕ 656ರಲ್ಲಿ, ಅದೇ ವಂಶದ ಇಮ್ಮಡಿ ವಿಕ್ರಮಾದಿತ್ಯನು ಪುಲಿಗೆರೆಯ ಶಂಖತೀರ್ಥ ವಸದಿಯನ್ನು ಅಲಂಕರಿಸಿ, ಧವಳ ಜಿನಾಲಯವನ್ನು ದುರಸ್ತಿಗೊಳಿಸಿ ಭೂಮಿಯನ್ನು ಕೊಟ್ಟನೆಂದು ಇಂದಿನ ಲಕ್ಷ್ಮೇಶ್ವರದ ಶಾಸನ ಹೇಳುತ್ತದೆ. ಈಗ ದೊರೆಯುವ ಶಿಲಾಪಾಠ ಅನಂತರದ ಕಾಲದಲ್ಲಿ ಕೆತ್ತಿದ ಪ್ರತಿ. ದಾನಕ್ಕೆ ವಿಜ್ಞಾಪಿಸಿದವನು ಬಾಹುಬಲಿ ಶ್ರೇಷ್ಠಿ. ದಾನ ಕೊಟ್ಟವನು ಅರಸನಾದರೂ ಬಸದಿಯ ಅಗತ್ಯವನ್ನು ಅರಸನ ಕಿವಿಗೆ ಮುಟ್ಟಿಸಿದವನು ಒಬ್ಬ ಶ್ರಾವಕ.

ಜೈನರಿಗೆ ಈ ಕಾರ್ಯದಲ್ಲಿ ಇನ್ನೊಂದು ಅರ್ಥವೂ ಉಂಟು. ಆಷಾಢದಿಂದ ತೊಡಗುವ ಚಾತುರ್ಮಾಸದಲ್ಲಿ ಮುನಿಗಳು ಒಂದೆಡೆ ನೆಲೆಸುವುದು ಹಸಿರು ಮತ್ತು ಕ್ರಿಮಿಕೀಟಗಳ ಹಿಂಸೆಯಾಗದಿರಲೆಂದು. ಮಾಳಿಗೆಯನ್ನು ಬೇಸಿಗೆಯಲ್ಲಿಯೇ ಮೆಲ್ಲನೆ ಗುಡಿಸಿ, ನೀರಿನ ದಾರಿಯನ್ನು ತೆರವುಗೊಳಿಸಿದರೆ ಪಾಚಿಯಾಗಲಿ ಕ್ರಿಮಿಯಾಗಲಿ ಹುಟ್ಟುವುದಕ್ಕೆ ಆಸ್ಪದವೇ ಕಡಿಮೆ. ಮಳೆ ಹಿಡಿದ ಮೇಲೆ ಕೆರೆದು ತೆಗೆಯುವುದರಲ್ಲಿ ಹಿಂಸೆಯುಂಟು. ಸಕಾಲದ ದುರಸ್ತಿ ಅಹಿಂಸೆಯ ಆಚರಣೆಯೇ ಆಗುತ್ತದೆ.

ಇಂದು ಸೋರಿಕೆ ಕಂಡೊಡನೆ ಹಳೆಯ ಮಾಳಿಗೆಯ ಮೇಲೆ ಸಿಮೆಂಟು ಸುರಿಯುವ ರೂಢಿ ಬೆಳೆದಿದೆ. ಅದರಿಂದ ಗೋಡೆಗಳ ಮೇಲೆ ಭಾರ ಹೆಚ್ಚುತ್ತದೆ. ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಮರಳುಗಲ್ಲು ಪುಡಿಯಾಗುತ್ತದೆ. ಸುಣ್ಣದ ಗಾರೆಯಾದರೆ ಕಲ್ಲಿನೊಡನೆ ಹೊಂದಿಕೊಂಡು ತೇವಕ್ಕೆ ದಾರಿ ಬಿಡುತ್ತದೆ. ಮೊದಲು ನೀರಿನ ದಾರಿಯನ್ನು ನೋಡಿ, ಆಮೇಲೆ ಬಿರುಕನ್ನು ಮುಚ್ಚುವುದು ಕ್ರಮ.

ಪ್ರತಿಷ್ಠಾ ಮಹೋತ್ಸವದಲ್ಲಿ ಕಲಶವನ್ನು ಏರಿಸುವ ಕೈಗಳು ಸಾವಿರ. ಮರುವರ್ಷ ಮಾಳಿಗೆಯನ್ನು ಗುಡಿಸುವ ಕೈಗಳು ಕೆಲವೇ. ಖಂಡಸ್ಫುಟಿತಕ್ಕೆಂದು ಸ್ವಲ್ಪ ಧನವನ್ನೂ, ಚಾತುರ್ಮಾಸಕ್ಕೆ ಮುನ್ನ ಒಂದು ದಿನವನ್ನೂ ಸಮಾಜವು ಮುಡಿಪಾಗಿಟ್ಟರೆ ಪೂರ್ವಿಕರ ಶಾಸನ ಮತ್ತೆ ಜೀವ ತಳೆದೀತು.