ಪಿಎಫ್ ದುಡ್ಡಿಗಾಗಿ ನಿಂತ ಹೊಸೂರು ರಸ್ತೆ

ಬನಶಂಕರಿಯಿಂದ ಹೊರವರ್ತುಲ ರಸ್ತೆ ಹಿಡಿದು ಪೂರ್ವಕ್ಕೆ ಹೊರಟರೆ ಜೆ.ಪಿ. ನಗರ, ಬಿಟಿಎಂ ಲೇಔಟ್ ದಾಟಿ ಸಿಲ್ಕ್ ಬೋರ್ಡ್ ಹತ್ತಿರ ಹೊಸೂರು ರಸ್ತೆ ಸಿಗುತ್ತದೆ. ಅಲ್ಲೇ ಮುಂದೆ ಬೊಮ್ಮನಹಳ್ಳಿ. ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಹೊರಟರೆ ಕತ್ರಿಗುಪ್ಪೆ, ಹೊಸಕೆರೆಹಳ್ಳಿ ದಾಟಿ ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆ. ಎರಡು ತುದಿಯಲ್ಲೂ ಗಾರ್ಮೆಂಟ್ಸ್ ಕಾರ್ಖಾನೆಗಳು. ಬೆಳಗ್ಗೆ ಎಂಟು ಗಂಟೆಯೊಳಗೆ ಊಟದ ಡಬ್ಬಿ ಹಿಡಿದು ಓಡುನಡಿಗೆಯಲ್ಲಿ ಹೋಗುವ ಹೆಂಗಸರನ್ನು ದಕ್ಷಿಣ ಬೆಂಗಳೂರಿನವರು ದಿನಾ ನೋಡುತ್ತಾರೆ. ನೋಡುತ್ತಾರೆ ಅಷ್ಟೇ. 2016ರ ಏಪ್ರಿಲ್ 18 ಮತ್ತು 19ರಂದು ಮಾತ್ರ ಇಡೀ ನಗರ ಅವರ ಮಾತು ಕೇಳಬೇಕಾಯಿತು.

ಏಪ್ರಿಲ್ 18, ಸೋಮವಾರ, ಬೊಮ್ಮನಹಳ್ಳಿಯ ಕಾರ್ಖಾನೆಯ ಕೆಲಸಗಾರರು ಮೆಷಿನ್ ಬಿಟ್ಟು ಬಂದು ಹೊಸೂರು ರಸ್ತೆಯಲ್ಲಿ ಕೂತರು. ಅಕ್ಕಪಕ್ಕದ ಕಾರ್ಖಾನೆಗಳೂ ಖಾಲಿಯಾದವು. ಮಾರನೆಯ ದಿನ ಮೈಸೂರು ರಸ್ತೆ, ತುಮಕೂರು ರಸ್ತೆಗೂ ಅದು ಹಬ್ಬಿತು. ಲಕ್ಷಕ್ಕೂ ಮೀರಿ ಜನ ಬೀದಿಗಿಳಿದರು ಎಂದು ಪತ್ರಿಕೆಗಳು ಬರೆದವು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಗಾರ್ಮೆಂಟ್ಸ್ ನೌಕರರ ಸಂಘಗಳು ಇದ್ದವು, ಆದರೆ ಅವುಗಳ ಸದಸ್ಯರ ಸಂಖ್ಯೆ ಲಕ್ಷಗಟ್ಟಲೆ ಕೆಲಸಗಾರರ ಮುಂದೆ ತೀರಾ ಸಣ್ಣದು. ಮುಖಂಡರಿಗೂ ಸುದ್ದಿ ತಿಳಿದದ್ದು ರಸ್ತೆ ಬಂದ್ ಆದ ಮೇಲೆಯೇ.

ಕಾರಣ ಒಂದು ಅಧಿಸೂಚನೆ. ಆ ವರ್ಷದ ಫೆಬ್ರವರಿ 10ರಂದು ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ನಿಯಮ ಬದಲಿಸಿತ್ತು. ಅಲ್ಲಿಯವರೆಗೆ ಕೆಲಸ ಬಿಟ್ಟು ಎರಡು ತಿಂಗಳಾದರೆ ಖಾತೆಯ ಹಣ ಪೂರ್ತಿ ತೆಗೆಯಬಹುದಿತ್ತು. ಹೊಸ ನಿಯಮದ ಪ್ರಕಾರ ಕೆಲಸಗಾರರ ಪಾಲು ಮತ್ತು ಅದರ ಬಡ್ಡಿ ಮಾತ್ರ ಕೈಗೆ. ಮಾಲೀಕರು ಕಟ್ಟಿದ ಪಾಲು 58 ತುಂಬುವವರೆಗೆ ಒಳಗೇ. ವೃದ್ಧಾಪ್ಯಕ್ಕೆಂದು ಇಟ್ಟ ದುಡ್ಡು ವೃದ್ಧಾಪ್ಯದವರೆಗೆ ಉಳಿಯಲಿ ಎಂಬುದು ಸರ್ಕಾರದ ವಾದ. ಕಾಗದದ ಮೇಲೆ ಅದರಲ್ಲಿ ತಪ್ಪು ಹುಡುಕುವುದು ಕಷ್ಟ.

ಲೆಕ್ಕ ಹಾಕಿ ನೋಡೋಣ. ತಿಂಗಳ ಸಂಬಳ 7,000 ರೂಪಾಯಿ ಎಂದಿಟ್ಟುಕೊಳ್ಳಿ. ಆಗ ಗಾರ್ಮೆಂಟ್ಸ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಸಿಗುತ್ತಿತ್ತು. ಅದರಲ್ಲಿ ಶೇಕಡಾ 12, ಅಂದರೆ 840 ರೂಪಾಯಿ, ಸಂಬಳದಿಂದಲೇ ಕಡಿತ. ಮಾಲೀಕರೂ ಶೇಕಡಾ 12 ಕಟ್ಟುತ್ತಾರೆ. ಆದರೆ ಅದರಲ್ಲಿ 8.33 ಭಾಗ ಪಿಂಚಣಿ ಯೋಜನೆಗೆ ಹೋಗಿ, ಪಿಎಫ್ ಖಾತೆಗೆ ಬೀಳುವುದು 3.67 ಭಾಗ, ಸುಮಾರು 257 ರೂಪಾಯಿ. ಐದು ವರ್ಷ ದುಡಿದರೆ ಬಡ್ಡಿ ಬಿಟ್ಟು ತನ್ನ ಪಾಲು 50,400, ಮಾಲೀಕರ ಪಾಲು 15,420. ದೆಹಲಿ ಬೀಗ ಹಾಕಲು ಹೊರಟದ್ದು ಈ ಹದಿನೈದು ಸಾವಿರಕ್ಕೆ.

ಇಷ್ಟಕ್ಕೆ ನಗರವನ್ನೇ ನಿಲ್ಲಿಸಬೇಕಿತ್ತೇ ಎಂದು ಕೇಳಿದವರಿದ್ದರು. ಆ ಹದಿನೈದು ಸಾವಿರ ಯಾವಾಗ ಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಜೂನ್‌ನಲ್ಲಿ ಮಕ್ಕಳ ಶಾಲೆಯ ಫೀಸು, ಬಾಡಿಗೆ ಮನೆ ಬದಲಿಸಿದಾಗ ಅಡ್ವಾನ್ಸು, ಮಗಳ ಮದುವೆ, ಗಂಡನ ಆಸ್ಪತ್ರೆ ಖರ್ಚು, ಕೈಸಾಲ. ಬ್ಯಾಂಕು ಈ ಹೆಂಗಸರಿಗೆ ಸಾಲ ಕೊಡುವುದಿಲ್ಲ. ಹಾಗಾಗಿ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪಿಎಫ್ ತೆಗೆದು, ಸಾಲ ತೀರಿಸಿ, ಪಕ್ಕದ ಕಾರ್ಖಾನೆಗೆ ಹೊಸಬರಾಗಿ ಸೇರುವುದು ಇಲ್ಲಿ ಮಾಮೂಲು. ಐದು ವರ್ಷ ಒಂದೇ ಕಡೆ ನಿಲ್ಲದಿದ್ದರೆ ಗ್ರಾಚ್ಯುಟಿ ಹೋಗುತ್ತದೆ, ಹತ್ತು ವರ್ಷ ಪಿಂಚಣಿ ಯೋಜನೆಗೆ ಹಣ ಕಟ್ಟದಿದ್ದರೆ ತಿಂಗಳ ಪಿಂಚಣಿ ಇಲ್ಲ. ಅದು ಸಿಕ್ಕರೂ ಕನಿಷ್ಠ ಮೊತ್ತ 2014ರಿಂದ 1,000 ರೂಪಾಯಿ.

ಇನ್ನು 58ರ ಮಾತು. ಟಾರ್ಗೆಟ್ ಮುಟ್ಟಿಸಲು ಸೂಪರ್‌ವೈಸರ್ ತಲೆಯ ಮೇಲೆ ನಿಂತಿರುವ ಲೈನಿನಲ್ಲಿ 58 ವರ್ಷದ ಟೈಲರ್ ಎಷ್ಟು ಜನ ಸಿಗುತ್ತಾರೆ? ನಲವತ್ತು ದಾಟುವ ಹೊತ್ತಿಗೆ ಕಣ್ಣು, ಬೆನ್ನು ಕೈಕೊಡುತ್ತವೆ. ನಿವೃತ್ತಿಯ ವಯಸ್ಸನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಕಚೇರಿಯ ಕುರ್ಚಿ, ಹೊಲಿಗೆ ಮೆಷಿನ್ನಿನ ಮುಂದಿನ ಸ್ಟೂಲ್ ಅಲ್ಲ. ಹೆಸರು ಭವಿಷ್ಯ ನಿಧಿ. ಈ ಹೆಂಗಸರ ಮಟ್ಟಿಗೆ ಅದು ಪಿಂಚಣಿಯಾಗಿರಲೇ ಇಲ್ಲ, ಕುಟುಂಬದ ಇತರರ ಕೈಗೆ ಸಿಗದಂತೆ ಅವರದೇ ಹೆಸರಿನಲ್ಲಿ ಬೆಳೆಯುತ್ತಿದ್ದ ಒಂದೇ ಉಳಿತಾಯವಾಗಿತ್ತು.

ಬೆಂಗಳೂರಿಗೆ ದೊಡ್ಡ ಮುಷ್ಕರ ಹೊಸದಲ್ಲ. 1980ರ ಡಿಸೆಂಬರ್‌ನಲ್ಲಿ ಶುರುವಾದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ 77 ದಿನ ನಡೆದಿತ್ತು. ಬಿಇಎಲ್, ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ವೇತನ ಕೇಳಿದ್ದರು. ಅವರ ಹಿಂದೆ ಬಲವಾದ ಸಂಘಗಳು, ಕ್ವಾರ್ಟರ್ಸು, ಕಾಯಂ ಕೆಲಸ ಎಲ್ಲ ಇತ್ತು. ಆದರೂ ಕೇಳಿದ್ದು ಸಿಗಲಿಲ್ಲ. 2016ರ ಹೆಂಗಸರಿಗೆ ಇದ್ಯಾವುದೂ ಇರಲಿಲ್ಲ.

ಹೊರದೇಶದ ಒಂದು ಉದಾಹರಣೆಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. 2010ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಸರ್ಕೋಜಿ ನಿವೃತ್ತಿ ವಯಸ್ಸನ್ನು 60ರಿಂದ 62ಕ್ಕೆ ಏರಿಸಲು ಹೊರಟಾಗ ಅಲ್ಲಿನ 12 ತೈಲ ಸಂಸ್ಕರಣಾಗಾರಗಳ ಕಾರ್ಮಿಕರೂ ಮುಷ್ಕರ ಹೂಡಿದರು. ನಾಲ್ಕರಲ್ಲಿ ಒಂದಕ್ಕೂ ಹೆಚ್ಚು ಪೆಟ್ರೋಲ್ ಬಂಕ್‌ಗಳು ಬರಿದಾದವು. ಸರ್ಕಾರ ಪೊಲೀಸರನ್ನು ಕಳಿಸಿ ಡಿಪೋಗಳನ್ನು ತೆರೆಸಿತು, ಗ್ರಾಂಪ್ವಿ ಸಂಸ್ಕರಣಾಗಾರದ ಕೆಲಸಗಾರರಿಗೆ ಕಡ್ಡಾಯವಾಗಿ ಕೆಲಸಕ್ಕೆ ಬರಲು ಆಜ್ಞೆ ಹೊರಡಿಸಿತು. ನವೆಂಬರ್‌ನಲ್ಲಿ ಕಾನೂನು ಜಾರಿಯಾಯಿತು. ಇಂಧನದ ನಲ್ಲಿಯನ್ನೇ ಹಿಡಿದಿದ್ದವರು ಸೋತರು.

ಬೆಂಗಳೂರಿನ ಪೆಟ್ರೋಲು, ಡೀಸೆಲ್ಲು ಮಂಗಳೂರಿನಿಂದ ಹಾಸನದ ಮೇಲೆ ಕೊಳವೆಯಲ್ಲಿ ಹರಿದು ದೇವನಗೊಂದಿಗೆ ಬರುತ್ತದೆ. ಅಂಥ ಆಯಕಟ್ಟಿನ ಜಾಗ ಅಂಗಿ ಹೊಲಿಯುವವರ ಕೈಯಲ್ಲಿಲ್ಲ. ಅವರು ಹೊಲಿಗೆ ನಿಲ್ಲಿಸಿದರೆ ಎಲ್ಲೋ ದೂರದ ದೇಶದ ಅಂಗಡಿಗೆ ಮಾಲು ತಡವಾಗಬಹುದು, ಬನಶಂಕರಿಯವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಅವರ ಕಾರ್ಖಾನೆಯ ಗೇಟಿನ ಮುಂದೆಯೇ ಹೆದ್ದಾರಿ ಇತ್ತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಬಸ್ಸುಗಳು, ತಮಿಳುನಾಡಿನ ಲಾರಿಗಳು ಎಲ್ಲಕ್ಕೂ ಅದೇ ದಾರಿ.

ಎರಡನೆಯ ದಿನ ಕೈಮೀರಿತು. ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. ಲಾಠಿ, ಅಶ್ರುವಾಯು ಬಂದವು. ಕೇಂದ್ರ ಸರ್ಕಾರ ಮೊದಲು ನಿಯಮವನ್ನು ಜುಲೈ 31ರವರೆಗೆ ತಡೆಹಿಡಿಯುತ್ತೇವೆ ಎಂದಿತು. ಬೀದಿಯಲ್ಲಿದ್ದವರು ಕದಲಲಿಲ್ಲ. 19ರಂದೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಅಧಿಸೂಚನೆಯನ್ನು ರದ್ದು ಮಾಡಿರುವುದಾಗಿ ಪ್ರಕಟಿಸಿದರು.

ಫ್ರಾನ್ಸಿನಲ್ಲಿ ಆಗದ್ದು ಇಲ್ಲಿ ಹೇಗೆ ಆಯಿತು? ಇಲ್ಲಿನ ನಿಯಮ ಹಿಂತೆಗೆದರೆ ಸರ್ಕಾರದ ಬೊಕ್ಕಸಕ್ಕೆ ನಷ್ಟವಿರಲಿಲ್ಲ, ಹಣ ಕಾರ್ಮಿಕರದ್ದೇ. ಐದು ವಿಧಾನಸಭೆಗಳಿಗೆ ಚುನಾವಣೆ ನಡೆಯುತ್ತಿತ್ತು, ಪಕ್ಕದ ತಮಿಳುನಾಡೂ ಅದರಲ್ಲಿ ಸೇರಿತ್ತು. ಅದೇ ಮಾರ್ಚ್‌ನಲ್ಲಿ, ಪಿಎಫ್ ಹಣದ ಶೇಕಡಾ 60ಕ್ಕೆ ತೆರಿಗೆ ಎಂಬ ಬಜೆಟ್ ಪ್ರಸ್ತಾವವನ್ನು ಅರುಣ್ ಜೇಟ್ಲಿ ಅವರು ಹಿಂದಕ್ಕೆ ಪಡೆದಿದ್ದರು. ಸಂಬಳದಾರ ಮಧ್ಯಮವರ್ಗ ಅದಕ್ಕೆ ರಸ್ತೆಯಲ್ಲಿ ಕೂರಬೇಕಾಗಿರಲಿಲ್ಲ, ಲಾಠಿ ತಿನ್ನಬೇಕಾಗಿರಲಿಲ್ಲ. ಆದರೂ ನನಗನ್ನಿಸುವುದು, ಮಾತುಕತೆಗೆ ಕರೆಯಲು ಒಬ್ಬ ಮುಖಂಡನೂ ಇಲ್ಲದ್ದೇ ಸರ್ಕಾರವನ್ನು ಹೆಚ್ಚು ಹೆದರಿಸಿತು. ಯಾರನ್ನು ಒಪ್ಪಿಸಿ ರಸ್ತೆ ಬಿಡಿಸುವುದು?

ಆದರೆ ಮುಖಂಡರಿಲ್ಲದ ಹೋರಾಟಕ್ಕೆ ಮುಂದಿನ ಪಟ್ಟಿಯೂ ಇರುವುದಿಲ್ಲ. ಸಂಬಳ, ಟಾರ್ಗೆಟ್, ಸೂಪರ್‌ವೈಸರ್‌ನ ಬೈಗುಳ, ಯಾವುದೂ ಆ ಎರಡು ದಿನಗಳಿಂದ ಬದಲಾಗಲಿಲ್ಲ.

2025ರ ಅಕ್ಟೋಬರ್ 13ರಂದು ಭವಿಷ್ಯ ನಿಧಿಯ ಕೇಂದ್ರ ಮಂಡಳಿ ಮತ್ತೆ ನಿಯಮ ಬದಲಿಸುವ ತೀರ್ಮಾನ ಮಾಡಿತು. ಈ ಬಾರಿ ಕೆಲಸದಲ್ಲಿ ಇರುವಾಗಲೇ ಹಣ ತೆಗೆಯುವುದು ಸಲೀಸು, ಕೆಲಸ ಹೋದರೆ ಮುಕ್ಕಾಲು ಭಾಗ ತಕ್ಷಣ ಸಿಗುತ್ತದೆ. ಉಳಿದ ಶೇಕಡಾ 25 ಮಾತ್ರ ಖಾತೆಯಲ್ಲೇ ಇರಬೇಕು, ಅದನ್ನೂ ತೆಗೆದು ಖಾತೆ ಮುಗಿಸಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು. ಮೇಲೆ ಹಾಕಿದ ಲೆಕ್ಕದ ಟೈಲರ್‌ಗೆ ಐದು ವರ್ಷದಲ್ಲಿ ಕೂಡುವುದು 65,820 ರೂಪಾಯಿ. ಅದರ ಕಾಲು ಭಾಗ 16,455.