ಯುದ್ಧ ಮುಗಿದ ಮೇಲಿನ ತುರ್ತು ಪರಿಸ್ಥಿತಿ

1962ರ ಅಕ್ಟೋಬರ್ 20ರಂದು ಚೀನೀ ಸೇನೆ ನಮ್ಮ ಗಡಿಯ ಮೇಲೆ ಏರಿಬಂದಿತು. 26ರಂದು ರಾಷ್ಟ್ರಪತಿ ರಾಧಾಕೃಷ್ಣನ್ನರು ಸಂವಿಧಾನದ 352ನೆಯ ವಿಧಿಯಂತೆ ತುರ್ತು ಪರಿಸ್ಥಿತಿಯನ್ನು ಘೋಷಿಸಿದರು. ನವೆಂಬರ್ 21ರಂದು ಚೀನಾ ತಾನಾಗಿಯೇ ಕದನವಿರಾಮ ಸಾರಿತು. ಘೋಷಣೆ ಮಾತ್ರ ಉಳಿಯಿತು. 1965ರ ಪಾಕಿಸ್ತಾನದ ಯುದ್ಧವೂ ಅದರ ಅವಧಿಯಲ್ಲಿಯೇ ನಡೆದುಹೋಯಿತು. ಅದು ರದ್ದಾದುದು 1968ರ ಜನವರಿ 10ರಂದು. ಒಂದು ತಿಂಗಳ ಕಾಳಗಕ್ಕೆ ಐದು ವರ್ಷಕ್ಕೂ ಮಿಕ್ಕ ತುರ್ತು!

ಅಷ್ಟು ಕಾಲವೂ 19ನೆಯ ವಿಧಿಯ ವಾಕ್‌ಸ್ವಾತಂತ್ರ್ಯಾದಿ ಹಕ್ಕುಗಳಿಗೆ ರಕ್ಷಣೆಯಿರಲಿಲ್ಲ. ಭಾರತ ರಕ್ಷಣಾ ನಿಯಮಗಳಡಿ ವಿಚಾರಣೆಯಿಲ್ಲದೆ ಬಂಧಿಸಬಹುದಾಗಿತ್ತು. ಇದಕ್ಕೆ ಕಾರಣವೇನು? ಪಾರ್ಲಿಮೆಂಟು ಒಮ್ಮೆ ಒಪ್ಪಿದರೆ ಮತ್ತೆ ಕೇಳಬೇಕೆಂಬ ನಿರ್ಬಂಧ ಅಂದಿನ ಸಂವಿಧಾನದಲ್ಲಿರಲಿಲ್ಲ. 1975ರ ಕಹಿಯನ್ನುಂಡ ಬಳಿಕವೇ, 1978ರ 44ನೆಯ ತಿದ್ದುಪಡಿ ಆರು ತಿಂಗಳಿಗೊಮ್ಮೆ ಒಪ್ಪಿಗೆಯನ್ನು ಕಡ್ಡಾಯಮಾಡಿತು. ಯುದ್ಧದ ತೇದಿಗಳೊಡನೆ ಈ ತೇದಿಗಳನ್ನೂ ನಾವು ತರಗತಿಯಲ್ಲಿ ಹೇಳುವುದು ಯುಕ್ತ.