ಶಾಂತಲೆ: ಕಾದಂಬರಿಯ ಖಾತೆ, ಶಾಸನದ ಖಾತೆ

ತರಗುಪೇಟೆಯ ಧಾನ್ಯದ ಮಂಡಿಯಲ್ಲಿ ಕಿರ್ದಿ-ಖಾತೆಗಳ ನಡುವೆಯೇ ಆಯುಷ್ಯದ ಬಹುಭಾಗವನ್ನು ಕಳೆದ ನನಗೆ, ಬೃಹತ್ ಕಾದಂಬರಿಯೊಂದನ್ನು ಓದುವ ವ್ಯವಧಾನ ದೊರೆತುದು ಅರವತ್ತು ದಾಟಿದ ಮೇಲೆಯೇ. ಆರಿಸಿಕೊಂಡುದು ಸಿ.ಕೆ. ನಾಗರಾಜರಾಯರ (1915–1998) ‘ಪಟ್ಟಮಹಾದೇವಿ ಶಾಂತಲದೇವಿ’. ಪುಟಗಳು ಸುಮಾರು 2000. ಭಾರತೀಯ ಜ್ಞಾನಪೀಠವು ತನ್ನ ಮೊಟ್ಟಮೊದಲ ಮೂರ್ತಿದೇವಿ ಪುರಸ್ಕಾರವನ್ನು 1983ರಲ್ಲಿ ಈ ಕೃತಿಗೇ ನೀಡಿತು. ಆ ಸಂಸ್ಥೆಯನ್ನು 1944ರಲ್ಲಿ ಸ್ಥಾಪಿಸಿದ ಸಾಹು ಶಾಂತಿಪ್ರಸಾದ ಜೈನರ ಮಾತೆಯ ಹೆಸರೇ ಮೂರ್ತಿದೇವಿ.

ಚಾತುರ್ಮಾಸದ ಮೊದಲ ರಾತ್ರಿ ಆರಂಭಿಸಿದೆ. ದಿನಕ್ಕೆ 10 ಪುಟದಂತೆ ಮುಗಿಸಲು 200 ರಾತ್ರಿ ಹಿಡಿದು, ಮಾಘಮಾಸ ಬಂದಿತು. ವರ್ತಕನ ಅಭ್ಯಾಸ ಬಿಡಲಿಲ್ಲ. ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು, ಎಡಕ್ಕೆ ಶಾಸನದಲ್ಲಿರುವುದನ್ನೂ ಬಲಕ್ಕೆ ಕಾದಂಬರಿಕಾರರು ಕಲ್ಪಿಸಿದುದನ್ನೂ ಬರೆಯುತ್ತ ಹೋದೆ. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಶ್ರವಣಬೆಳಗೊಳದ ಶಾಸನಸಂಪುಟ ಪಕ್ಕದಲ್ಲಿತ್ತು.

ಬಲಭಾಗ ಬೇಗ ತುಂಬಿತು. ಅದು ದೋಷವಲ್ಲ, ಕಲ್ಪನೆಯು ಕಾದಂಬರಿಕಾರನ ಬಂಡವಾಳ. ಎಡಭಾಗದ ಬಾಬುಗಳು ಕೆಲವೇ, ಆದರೆ ಗಟ್ಟಿಯಾದವು. ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲೆಯು ಕೊನೆಯವರೆಗೂ ಜಿನಧರ್ಮದಲ್ಲಿಯೇ ನಿಂತಳು. 1123ರಲ್ಲಿ ಚಂದ್ರಗಿರಿಯ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ, ಶಾಂತಿನಾಥನನ್ನು ಪ್ರತಿಷ್ಠಾಪಿಸಿ, ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ಮೊಟ್ಟೆನವಿಲೆ ಗ್ರಾಮವನ್ನು ದತ್ತಿಯಾಗಿ ಬಿಟ್ಟಳು. 1131ರಲ್ಲಿ ಶಿವಗಂಗೆಯಲ್ಲಿ ಸ್ವರ್ಗಸ್ಥಳಾದಳು.

ಈ ಕೊನೆಯ ಬಾಬಿನ ಬಳಿ ನನ್ನ ಲೇಖನಿ ನಿಂತಿತು. ಮಕ್ಕಳಿಲ್ಲದ ಕೊರಗಿನಿಂದ ರಾಣಿ ಶಿವಗಂಗೆಯ ಬೆಟ್ಟದಿಂದ ಧುಮುಕಿದಳೆಂದು ನಾನು ಬಾಲ್ಯದಲ್ಲಿ ಕೇಳಿದ್ದೆ. ಭಾನುವಾರದ ಪಾಠಶಾಲೆಯಲ್ಲಿ ಅದನ್ನೇ ಎಷ್ಟೋ ವರ್ಷ ಮಕ್ಕಳಿಗೆ ಹೇಳಿಯೂ ಇದ್ದೆ. ಶಾಸನದಲ್ಲಿ ಧುಮುಕಿದ ಮಾತಿಲ್ಲ, ಕೊರಗಿನ ಮಾತೂ ಇಲ್ಲ. ತಾಯಿ ಮಾಚಿಕಬ್ಬೆಯ ವಿಷಯದಲ್ಲಾದರೋ ಅದೇ ಕಲ್ಲು ಮೌನವಾಗಿಲ್ಲ. ಮಗಳ ಅನಂತರ ಆಕೆ ಬೆಳಗೊಳಕ್ಕೆ ಬಂದು, ಪಂಚಪದಗಳನ್ನು ಜಪಿಸುತ್ತ, ಒಂದು ತಿಂಗಳ ಉಪವಾಸದಿಂದ ಸಮಾಧಿಯನ್ನು ಸಾಧಿಸಿದುದನ್ನು ವಿವರವಾಗಿ ದಾಖಲಿಸಿದೆ. ತಾಯಿಯದನ್ನು ಮಗಳಿಗೆ ಆರೋಪಿಸುವುದೂ ಸಲ್ಲದು. ಇಲ್ಲದ ರಕಮನ್ನು ಖಾತೆಗೆ ಏರಿಸಬಾರದು, ಅದು ನಮಗೆ ಅನುಕೂಲವಾಗಿದ್ದರೂ.

ಇದು ಪಂಡಿತರ ಚರ್ಚೆ ಮಾತ್ರವಲ್ಲ. ಸಮಂತಭದ್ರಾಚಾರ್ಯರು ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳು ನಾಲ್ಕು: ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಅಲ್ಲಿಯೂ ಅದು ಕ್ರಮಕ್ರಮವಾಗಿ, ಸ್ನೇಹ-ವೈರಗಳನ್ನು ತೊರೆದು ನಡೆಯತಕ್ಕದ್ದು. ಕೊರಗಿನ ಆವೇಶದಲ್ಲಿ ಧುಮುಕುವುದು ಇದಕ್ಕೆ ತದ್ವಿರುದ್ಧ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಾಗ ನಾವೆಲ್ಲರೂ ನೊಂದೆವು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಎರಡರ ಭೇದವನ್ನು ಜಗತ್ತು ಅರಿಯಬೇಕೆಂದು ಬಯಸುವ ನಾವೇ, ನಮ್ಮ ರಾಣಿಯೊಬ್ಬಳ ಮೇಲೆ ಆಧಾರವಿಲ್ಲದೆ ಆತ್ಮಹತ್ಯೆಯನ್ನು ಹೊರಿಸಿ, ಅದನ್ನು ಭಕ್ತಿಕಥೆಯಂತೆ ಮಕ್ಕಳಿಗೆ ಹೇಳುತ್ತಿದ್ದರೆ ಕೇಳುವವರಾರು?

ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಅತಿಚಾರಗಳಾಗಿ ಮಿಥ್ಯೋಪದೇಶವನ್ನೂ ಕೂಟಲೇಖವನ್ನೂ ಎಣಿಸಿದ್ದಾರೆ. ಕೂಟಲೇಖವೆಂದರೆ ಸುಳ್ಳು ಬರಹ. ವರ್ತಕರಾದ ನಮಗೆ ಅದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. ಅಂಗಡಿಯ ಲೆಕ್ಕದಲ್ಲಿ ನಾನು ಅದನ್ನು ತಪ್ಪಿಸಿಕೊಂಡಿರಬಹುದು, ಪಾಠಶಾಲೆಯಲ್ಲಿ ತಪ್ಪಿಸಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಮಕ್ಕಳ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಬಾಲಕಿಯೊಬ್ಬಳು, “ಹಾಗಾದರೆ ಅವರು ಹೇಗೆ ತೀರಿಕೊಂಡರು, ತಾತ?” ಎಂದು ಕೇಳಿದಳು. “ಕಲ್ಲು ಹೇಳಿಲ್ಲಮ್ಮ, ನಾನೂ ಹೇಳಲಾರೆ. ಆದರೆ ಅವರು ಹೇಗೆ ಬಾಳಿದರೆಂಬುದನ್ನು ಕಲ್ಲು ಹೇಳಿದೆ” ಎಂದೆ.

ಬಸದಿಗಳ ಆಡಳಿತ ಮಂಡಳಿಗಳವರಲ್ಲಿ ನನ್ನ ವಿನಂತಿಯಿಷ್ಟೇ: ಕ್ಷೇತ್ರಪರಿಚಯದ ಕಿರುಹೊತ್ತಗೆಯನ್ನು ಅಚ್ಚಿಗೆ ಕೊಡುವ ಮೊದಲು ಒಮ್ಮೆ ಶಾಸನವನ್ನು ತೆರೆದು ನೋಡಿರಿ. ಕಾದಂಬರಿಯನ್ನಂತೂ ಎಲ್ಲರೂ ಓದಿರಿ. ಅದರ ಮುಕ್ತಾಯವನ್ನು ನಾನಿಲ್ಲಿ ಹೇಳುವುದಿಲ್ಲ. ಓದುವಾಗ ಪಕ್ಕದಲ್ಲಿ ಒಂದು ನೋಟುಬುಕ್ಕು ಇರಲಿ, ನಡುವೆ ಒಂದು ಗೆರೆ ಇರಲಿ.